ಮುಟ್ಟು ಸರಿಯಾಗಿ ಆಗದಿದ್ದರೆ ಹುಟ್ಟುವ ಮಗುವಿಗೆ ಅಂಗದೋಷ ಬರುತ್ತದೆಯೇ?

ಮುಟ್ಟು ಹಿಂದೆಮುಂದೆ ಆಗುವುದರಿಂದಲೇ ಅಂಗದೋಷ ಬರುವುದಿಲ್ಲ. ಆದರೆ ಅದರ ಹಿಂದಿರುವ ಕಾರಣ ಕೆಲವೊಮ್ಮೆ ತೊಂದರೆ ಕೊಡಬಹುದು. ಮುಟ್ಟು ಹಿಂದೆಮುಂದೆ ಆಗಲು ಒಂದು ಸಾಮಾನ್ಯ ಕಾರಣ ಪಿಸಿಓಎಸ್, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯದ ಕೆಲಸ ಕೆಡುವ ತೊಂದರೆ. ಇದು ಇರುವವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಗರ್ಭ ಕಟ್ಟುವ ಹೊತ್ತಿಗೆ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಮಗುವಿನ ಹೃದಯ, ಬೆನ್ನುಹುರಿಯ ಬೆಳವಣಿಗೆಗೆ ಪೆಟ್ಟು ಬೀಳಬಹುದು.

ಇನ್ನೊಂದು ವಿಷಯವನ್ನು ಬಹಳ ಜನ ಯೋಚಿಸುವುದೇ ಇಲ್ಲ. ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ನರನಾಳ ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವರಿಗೆ ಅಷ್ಟರಲ್ಲಿ ಅನುಮಾನ ಬಂದಿರುತ್ತದೆ. ಎರಡು ತಿಂಗಳಿಗೊಮ್ಮೆ ಆಗುವವರು ಮಾತ್ರ ‘ಎಂದಿನಂತೆ ತಡವಾಗಿದೆ’ ಎಂದುಕೊಂಡು ಸುಮ್ಮನಿರುತ್ತಾರೆ. ಗರ್ಭಿಣಿ ಎಂದು ಗೊತ್ತಾಗುವಷ್ಟರಲ್ಲಿ ಆ ಅವಧಿ ಮುಗಿದೇ ಹೋಗಿರುತ್ತದೆ.

ಹಾಗಾಗಿ ಮಗು ಬೇಕೆನ್ನುವವರು ಕನಿಷ್ಠ ಒಂದು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ (ನರನಾಳ ಸರಿಯಾಗಿ ಮುಚ್ಚಿಕೊಳ್ಳಲು ನೆರವಾಗುವ ಬಿ ವಿಟಮಿನ್) ಶುರು ಮಾಡಬೇಕು. ಸಕ್ಕರೆ ಕಾಯಿಲೆ ಅಥವಾ ಮೂರ್ಛೆರೋಗ ಇದ್ದರೆ ಪ್ರಮಾಣ ಹೆಚ್ಚು ಬೇಕಾಗಬಹುದು, ವೈದ್ಯರನ್ನು ಕೇಳಿ. ಪಿಸಿಓಎಸ್ ಮೊಡವೆಗೆಂದು ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರಂತೂ ಅದನ್ನು ನಿಲ್ಲಿಸಿ ಕನಿಷ್ಠ ಒಂದು ತಿಂಗಳಾಗುವವರೆಗೆ ಗರ್ಭ ಧರಿಸಲೇಬಾರದು. ಅದು ನೇರವಾಗಿ ಅಂಗದೋಷ ತರುವ ಔಷಧ.