ಬರೆದದ್ದು ಶಾಲೆಯ ಪ್ರಬಂಧದ ಹಾಗೆ ಕಾಣುತ್ತದೆ ಅಂದವರಿಗೆ

ಅಜ್ಜಿ ಮನೆ ಬಗ್ಗೆ ಬರೆದದ್ದು ಶಾಲೆಯ ಪ್ರಬಂಧದ ಹಾಗೆ ಒಣಗಿದೆ, ಓದುವವರಿಗೆ ಹತ್ತಿರ ಆಗುವುದು ಹೇಗೆ ಅಂತ ಕೇಳಿದ್ದೀರಿ. ನೀವು ಹಾಕಿರುವ ಸಾಲನ್ನೇ ನೋಡಿ: 'ಅಜ್ಜಿಯ ಮನೆಯ ಪ್ರಶಾಂತ ವಾತಾವರಣ ಮನಸ್ಸಿಗೆ ಮುದ ನೀಡುತ್ತಿತ್ತು.' ಮಾತಾಡುವಾಗ ಯಾರಾದರೂ ಹೀಗೆ ಹೇಳುತ್ತಾರಾ? ಗೆಳೆಯರ ಹತ್ತಿರ ಆಗಿದ್ದರೆ ಹಂಡೆ ಒಲೆಯ ಹೊಗೆಗೆ ಕಣ್ಣು ಉರಿದದ್ದನ್ನೋ, ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಿ ಬೈಸಿಕೊಂಡದ್ದನ್ನೋ ಹೇಳುತ್ತಿದ್ದಿರಿ, ಅಲ್ವಾ? ಅದನ್ನೇ ಬರೆಯಿರಿ.

ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನದ ಮೇಷ್ಟ್ರಾಗಿದ್ದವರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಹಸಿರು ಹೊನ್ನು' ತುಂಬಾ ಗಿಡಗಳ ವಿವರವೇ, ಆದರೂ ಬೇಜಾರಾಗುವುದಿಲ್ಲ, ಯಾಕಂದ್ರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವಾಗಿನ ತಮಾಷೆ, ಫಜೀತಿಗಳ ಜೊತೆಗೇ ಗಿಡವೂ ಬಂದುಬಿಡುತ್ತದೆ.

ಹಾಗಂತ ಸಾಲಿಗೊಂದು 'ಗುರೂ', 'ಮಗಾ' ಸೇರಿಸಬೇಡಿ, ನನಗಂತೂ ಅದು ಕಿರಿಕಿರಿ. ಬರೆದದ್ದನ್ನು ಜೋರಾಗಿ ಓದಿ, ನಾಲಿಗೆ ತಡವರಿಸಿದ ಕಡೆ ಸಾಲು ಮುರಿಯಿರಿ. ಮೊದಲ ಪ್ಯಾರಾ ಸುಮ್ನೆ ಕಿತ್ತು ಹಾಕಿ. ಮೂರನೇ ಪ್ಯಾರಾದಲ್ಲಿ ಒಂದೇ ಸಾಲಿಗೆ ಮುಗಿಸಿದ್ದೀರಲ್ಲ, ಬಾವಿಕಟ್ಟೆಯ ಜಗಳ, ಅಲ್ಲಿಂದ ಶುರು ಮಾಡಿ.