ದೃಢೀಕರಣಕ್ಕೆ ಅಕ್ಕನೇ ಜ್ಞಾನತಾಯಿ ಆಗಬಹುದಾ?

ಮೇಡಂ, ಮಂಡ್ಯದಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದ ಮಗಳಿಗೆ ಮೈಸೂರಲ್ಲಿ ದೃಢೀಕರಣ (ಆ ದೀಕ್ಷೆಯನ್ನು ಗಟ್ಟಿಗೊಳಿಸುವ ಸಂಸ್ಕಾರ, ಕನ್ಫರ್ಮೇಶನ್) ಕೊಡಿಸಬಹುದಾ, 15 ವರ್ಷದ ಅವಳ ಅಕ್ಕನೇ ಜ್ಞಾನತಾಯಿಯಾಗಿ, ಅಂದರೆ ಗಾಡ್‌ಮದರ್ ಆಗಿ, ನಿಲ್ಲಬಹುದಾ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ತೊಂದರೆಯಿಲ್ಲ. ಮಂಡ್ಯದ ಚರ್ಚಿನಿಂದ ದೀಕ್ಷಾಸ್ನಾನದ ಪ್ರಮಾಣಪತ್ರ ಹೊಸದಾಗಿ ತರಿಸಿ ಈಗಿನ ಧರ್ಮಕೇಂದ್ರದಲ್ಲಿ (ನಿಮ್ಮ ಈಗಿನ ಚರ್ಚಿನಲ್ಲಿ) ಕೊಡಿ.

ಅಕ್ಕನದ್ದೇ ಸ್ವಲ್ಪ ಕಷ್ಟ. ಕಥೋಲಿಕ ಧರ್ಮಸಭೆಯ ಕಾನೂನಿನಂತೆ ಜ್ಞಾನತಾಯಿಗೆ 16 ತುಂಬಿರಬೇಕು, ಆಕೆಗೂ ದೃಢೀಕರಣ, ಪರಮಪ್ರಸಾದ (ಕಮ್ಯುನಿಯನ್) ಆಗಿರಬೇಕು. ತಂದೆತಾಯಿ ನಿಲ್ಲುವಂತಿಲ್ಲ. ತಕ್ಕ ಕಾರಣವಿದ್ದರೆ ಫಾದರ್ ವಯಸ್ಸಿಗೆ ವಿನಾಯಿತಿ ಕೊಡಬಹುದು, ಆದರೆ 'ಅಕ್ಕನಿಗೆ ಆಸೆ' ಅನ್ನೋದು ಅಂಥ ಕಾರಣವಾಗುತ್ತದೋ ಇಲ್ಲವೋ, ಅವರನ್ನೇ ಕೇಳಿ. ದೀಕ್ಷಾಸ್ನಾನಕ್ಕೆ ನಿಂತವರೇ ಇದಕ್ಕೂ ನಿಂತರೆ ಒಳ್ಳೆಯದು ಅಂತಲೂ ಕಾನೂನಿದೆ. ನಾನಾದರೆ ಅವರಿಗೇ ಫೋನ್ ಮಾಡುತ್ತಿದ್ದೆ.

ಇನ್ನು ಚರ್ಚಿನ ಭಾನುವಾರದ ಕ್ಲಾಸಲ್ಲಿ ಬರೀ ಬಾಯಿಪಾಠ ಅಂತ ಮಗಳು ಗೊಣಗುತ್ತಾಳೆ ಅಂದಿರಿ. ಅವಳು ಹೇಳೋದು ಪೂರ್ತಿ ಸುಳ್ಳಲ್ಲ ಬಿಡಿ! ಪವಿತ್ರಾತ್ಮರ ಏಳು ವರಗಳನ್ನು ಗಿಣಿಪಾಠ ಒಪ್ಪಿಸಿದರೆ ಏನು ಬಂತು? ಅದರಲ್ಲಿ ಧೈರ್ಯವೂ ಒಂದು. ಕ್ಲಾಸ್‌ಮೇಟ್ಸ್ ವಾಟ್ಸಾಪ್ ಗ್ರೂಪಲ್ಲಿ ಒಬ್ಬಳನ್ನು ಆಡಿಕೊಳ್ಳುವಾಗ ಏನು ಮಾಡ್ತೀಯಾ ಅಂತ ಊಟದ ಹೊತ್ತಲ್ಲಿ ಕೇಳಿ ನೋಡಿ, ತಾನಾಗೇ ಮಾತಾಡುತ್ತಾಳೆ. ಕ್ಲಾಸ್ ಮಾತ್ರ ತಪ್ಪಿಸಬೇಡಿ. ದೃಢೀಕರಣ ಕೊಡಲು ಬಿಷಪ್ ಬರುವ ಮುಂಚೆ ಪಾಪನಿವೇದನೆಯೂ (ಕನ್ಫೆಷನ್) ಆಗಿರಲಿ.