ಊರಿನ ನೆಲದ ಮಾತು ಊರಿನವರಿಗೆ ಸೇರಿದ್ದು

ಮಾನ್ಯರೇ,

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಆರ್‌ಎಫ್‌ಕೆ (ರಾಬರ್ಟ್ ಎಫ್. ಕೆನಡಿ) ಕ್ರೀಡಾಂಗಣದ ಜಾಗವನ್ನು ನಗರಾಡಳಿತಕ್ಕೆ ವಹಿಸಿದ ಕಾಯ್ದೆಯನ್ನು ನಾವು ಸ್ವಾಗತಿಸಿದ್ದು ನಿಮಗೆ ಸರಿಕಂಡಿಲ್ಲ. ‘ಬೆಂಗಳೂರಿನ ಕೆರೆಗಳ ಗತಿ ಕಂಡವರು ನಾವು, ದೇಶದ ಸ್ವತ್ತು ಕಾರ್ಪೊರೇಷನ್ ಕೈಗೆ ಹೋದರೆ ಉಳಿಯುವುದಿಲ್ಲ’ ಎಂದು ಪಕ್ಕದ ಮೇರಿಲ್ಯಾಂಡ್ ರಾಜ್ಯದಿಂದ ಬರೆದಿದ್ದೀರಿ. ನಿಮ್ಮ ಅಂಜಿಕೆಯನ್ನು ತಳ್ಳಿಹಾಕಲಾರೆ. ಆ ಜಾಗದಲ್ಲಿ ಬರಲಿರುವ ಅಮೆರಿಕನ್ ಫುಟ್‌ಬಾಲ್ ತಂಡದ ಹೊಸ ಕ್ರೀಡಾಂಗಣದ ಯೋಜನೆಗೆ ನಗರದ ಬೊಕ್ಕಸದಿಂದ ದೊಡ್ಡ ಮೊತ್ತ ಹೋಗುತ್ತಿದೆ.

ಆದರೆ ನಮ್ಮ ಪತ್ರಿಕೆಯನ್ನು ಇಷ್ಟು ಸೂಕ್ಷ್ಮವಾಗಿ ಓದುವ ನೀವು ಕಾಯ್ದೆಯನ್ನೂ ಹಾಗೆಯೇ ಓದಬೇಕಿತ್ತು. ಸುಮಾರು 174 ಎಕರೆಯ ಒಡೆತನ ಒಕ್ಕೂಟ ಸರ್ಕಾರದಲ್ಲೇ ಉಳಿದಿದೆ. ನಗರಕ್ಕೆ ಬಂದಿರುವುದು 99 ವರ್ಷಗಳ ಆಡಳಿತಾಧಿಕಾರ ಮಾತ್ರ. ನದಿದಂಡೆಯ ಪಟ್ಟಿಯನ್ನು ಬಿಟ್ಟು ಶೇ 30ರಷ್ಟು ಜಾಗ ಉದ್ಯಾನ ಮತ್ತು ಬಯಲಾಗಿಯೇ ಇರಬೇಕು. 2038ಕ್ಕೆ ಮುಗಿಯಬೇಕಿದ್ದ ಹಳೆಯ ಗುತ್ತಿಗೆಯ ಷರತ್ತಿನಂತೆ ನಗರವು ಅಲ್ಲಿ ಒಂದು ಮನೆಯನ್ನೂ ಕಟ್ಟುವಂತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಸೋದರಳಿಯನ ಮನೆಗೆ ಹೋಗಿದ್ದಾಗ ಆ ಜಾಗವನ್ನು ಸುತ್ತಿ ಬಂದಿದ್ದೆ. 1961ರಲ್ಲಿ ತೆರೆದ ಕ್ರೀಡಾಂಗಣವನ್ನು 1996ರಲ್ಲಿ ಆ ಅಮೆರಿಕನ್ ಫುಟ್‌ಬಾಲ್ ತಂಡ, 2017ರಲ್ಲಿ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟದ) ತಂಡ ತೊರೆದಿದ್ದವು. ಅಲೆಯಂತೆ ಏರಿಳಿಯುವ ಚಾವಣಿ, ಸುತ್ತ ತಂತಿಬೇಲಿ, ಅದರಾಚೆ ಕಣ್ಣು ಹಾಯುವಷ್ಟು ಡಾಂಬರು. ಕಾರು ನಿಲ್ಲಿಸಲು ಎಳೆದಿದ್ದ ಬಿಳಿ ಗೆರೆಗಳು ಬಿರುಕು ಬಿಟ್ಟು, ಬಿರುಕಿನಿಂದ ಮೊಣಕಾಲೆತ್ತರಕ್ಕೆ ಹುಲ್ಲು ಬೆಳೆದಿತ್ತು. ನಾಯಿಯನ್ನು ಅಡ್ಡಾಡಿಸುತ್ತಿದ್ದ ಹಿರಿಯರೊಬ್ಬರು, ತಮ್ಮ ಮನೆಯಿಂದ ಅನಾಕೊಸ್ಟಿಯಾ ನದಿಗೆ ಹತ್ತೇ ನಿಮಿಷದ ನಡಿಗೆಯಾದರೂ ನಡುವಿನ ಈ ಬಯಲನ್ನು ಏನು ಮಾಡಬೇಕೆಂದು ತಮ್ಮನ್ನು ಯಾರೂ ಕೇಳುವುದಿಲ್ಲ ಎಂದು ನೊಂದು ನುಡಿದಿದ್ದರು.

ಅವರ ನೋವಿನ ಬೇರು ಆಳವಾದದ್ದು. ಸುಮಾರು 7 ಲಕ್ಷ ಜನರಿರುವ ವಾಷಿಂಗ್ಟನ್, ಜನಸಂಖ್ಯೆಯಲ್ಲಿ ವಯೋಮಿಂಗ್ ಮತ್ತು ವರ್ಮಾಂಟ್ ರಾಜ್ಯಗಳಿಗಿಂತ ದೊಡ್ಡದು. ಆದರೂ ಅದು ರಾಜ್ಯವಲ್ಲದ ಕಾರಣ ಅದಕ್ಕೆ ಸಂಸತ್ತಿನ ಮೇಲ್ಮನೆಯಾದ ಸೆನೆಟಿನಲ್ಲಿ ಸದಸ್ಯರಿಲ್ಲ. ಕೆಳಮನೆಯಲ್ಲಿರುವ ಒಬ್ಬ ಪ್ರತಿನಿಧಿಗೆ ಮಸೂದೆಯ ಅಂತಿಮ ಮತದಾನದಲ್ಲಿ ಮತವಿಲ್ಲ. ಕ್ರೀಡಾಂಗಣದ ಜಾಗದ ಈ ಮಸೂದೆ 2024ರ ಫೆಬ್ರುವರಿಯಲ್ಲಿ ಕೆಳಮನೆಯಲ್ಲಿ 348–55 ಮತಗಳಿಂದ ಗೆದ್ದು, ಸೆನೆಟಿನಲ್ಲಿ ತಿಂಗಳುಗಟ್ಟಲೆ ಕಾದು, ವರ್ಷಾಂತ್ಯದ ಖರ್ಚಿನ ಮಸೂದೆಯೊಳಗೆ ಸೇರಿ, ಅಲ್ಲಿಂದಲೂ ಹೊರಬಿದ್ದು, ಕೊನೆಗೆ ಡಿಸೆಂಬರ್ 21ರ ನಸುಕಿನಲ್ಲಿ ಸೆನೆಟಿನ ಒಪ್ಪಿಗೆ ಪಡೆಯಿತು. 2025ರ ಜನವರಿ 6ರಂದು ಬೈಡನ್ ಸಹಿ ಹಾಕಿದರು. ತಮ್ಮ ಊರಿನ ವಾಹನ ನಿಲುಗಡೆ ಬಯಲಿಗಾಗಿ ಅಲ್ಲಿನವರು ಇಷ್ಟೆಲ್ಲ ಕಾಯಬೇಕಾಯಿತು!

ಇನ್ನು ಬೆಂಗಳೂರಿನ ಮಾತು. ಸಂಪಂಗಿ ಕೆರೆಯ ಅಂಗಳ ಕಂಠೀರವ ಕ್ರೀಡಾಂಗಣವಾಗಿದೆ, ಧರ್ಮಾಂಬುಧಿ ಬಸ್ ನಿಲ್ದಾಣವಾಗಿದೆ. ಇದನ್ನು ನೆನೆದರೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಸ್ಥಳೀಯರ ಕೈಗೆ ಅಧಿಕಾರ ಹೆಚ್ಚಾಗಿ ಬೆಂಗಳೂರು ಕೆಟ್ಟಿತೆಂದು ನಾನು ಒಪ್ಪುವುದಿಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಪಾಲಿಕೆ ಮತ್ತೊಂದು ಚುನಾವಣೆಯನ್ನೇ ಕಾಣದೆ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಆ ಐದು ವರ್ಷ ವಾರ್ಡಿನ ಜನ ತಮ್ಮ ಕೆರೆಯಂಗಳದ ಬಗ್ಗೆ ಯಾರ ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು? ಪಾಲಿಕೆ ನಡೆಸುತ್ತಿದ್ದ ಅಧಿಕಾರಿಗೆ ವರ್ಗಾವಣೆಯ ಆದೇಶ ಬಂದರೆ ಮುಗಿಯಿತು.

ವಾಷಿಂಗ್ಟನ್ನಿನಲ್ಲಿ ಈ ಸಲ ಹಾಗಾಗಲಿಲ್ಲ. ಹೊಸ ಕ್ರೀಡಾಂಗಣದ ಯೋಜನೆ ಕುರಿತು 2025ರ ಜುಲೈನಲ್ಲಿ ನಡೆದ ಬಹಿರಂಗ ವಿಚಾರಣೆಯಲ್ಲಿ ನೂರಾರು ನಿವಾಸಿಗಳು ಪರ–ವಿರೋಧ ಮಾತನಾಡಿದರು. ಸೆಪ್ಟೆಂಬರಿನಲ್ಲಿ ನಗರ ಮಂಡಳಿ ಅಂತಿಮ ಒಪ್ಪಿಗೆ ಕೊಡುವಷ್ಟರಲ್ಲಿ ತಂಡದೊಂದಿಗಿನ ಒಪ್ಪಂದ ತಿದ್ದುಪಡಿ ಕಂಡಿತ್ತು.

— ಸಂಪಾದಕ